ಹಾಸನ, ಅರಸೀಕೆರೆ, ಮತ್ತೆ ಹಾಸನ

ಅಬ್ಬಾ,

ಹಸೀನಾ ಬರೆಯುತ್ತಿದ್ದೇನೆ. ಹೌದು, ಕನ್ನಡದಲ್ಲೇ. ಮನೆಯಲ್ಲಿ ನಾವು ಮಾತಾಡಿದ್ದು ಉರ್ದು, ಜಗಳ ಆಡಿದ್ದೂ ಉರ್ದು. ಆದರೆ ನಿಮಗೆ ಓದಲು ಬರುತ್ತಿದ್ದದ್ದು ಇದೊಂದೇ ಲಿಪಿ, ಏನು ಮಾಡಲಿ? ಪಕ್ಕದಲ್ಲಿ ಅಮ್ಮಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಳೆ. ಯಾರಿಗೆ ಇಷ್ಟುದ್ದ ಕಾಗದ ಎಂದು ಆಗಲೇ ವಿಚಾರಣೆ ಶುರುವಾಗಿದೆ. ನಾನು ಹೇಳಿಲ್ಲ. ಹೇಳಿದರೆ ಅಳುತ್ತಾಳೆ, ಅಳುತ್ತಲೇ ಬೈಯುತ್ತಾಳೆ, ನಿಮಗೆ ಗೊತ್ತಲ್ಲ... ನೀವು ಮಾತ್ರ ನಿಧಾನವಾಗಿ ಓದಿ. ಅವಸರದಲ್ಲಿ ಓದಿದವರೇ ಅಲ್ಲ ನೀವು. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತಿತ್ತು, ನೀವು ಅಲ್ಲೇ ನಿಂತು "ಬೇಲೂರು!" ಎಂದು ಗೆದ್ದವರ ಹಾಗೆ ನನ್ನ ಕಡೆ ತಿರುಗುತ್ತಿದ್ದಿರಿ.

ನಿಮ್ಮ ಮಧ್ಯಾಹ್ನದ ಬುತ್ತಿ ಹಿಡಿದು ನಾನು ಲಾರಿ ಆಫೀಸಿಗೆ ಬರುತ್ತಿದ್ದ ದಿನಗಳು ನೆನಪಾಗುತ್ತವೆ. ಕಾಫಿ, ಮೆಣಸು, ಏಲಕ್ಕಿ, ಎಲ್ಲದರ ವಾಸನೆಯೂ ಆ ಗೋಡೋನಿನಲ್ಲಿ ಒಟ್ಟಿಗೆ ಮೂಗಿಗೆ ಹೊಡೆಯುತ್ತಿತ್ತು. ಗೋಡೆಯ ಮೊಳೆಗಳಿಗೆ ತಗಡುಗಳನ್ನು ನೇತುಹಾಕಿದ್ದರು, ಒಂದೊಂದು ತಗಡಿನಲ್ಲಿ ಒಂದೊಂದು ಊರಿನ ಹೆಸರನ್ನು ಕೊರೆದದ್ದು. ಮೂಟೆ ಎಲ್ಲಿಗೆ ಹೋಗಬೇಕೋ ಆ ಊರಿನ ತಗಡನ್ನು ಅದರ ಮೇಲಿಟ್ಟು, ಕರಿ ಬಣ್ಣ ಅದ್ದಿದ ಬ್ರಷ್ಷಿನಿಂದ ಬಡಿದು ತಗಡು ಎತ್ತಿದರೆ ಗೋಣಿಯ ಮೇಲೆ ಮಂಗಳೂರು ಮೂಡಿರುತ್ತಿತ್ತು. ನಿಮ್ಮ ಕೆಲಸವೇ ಅದು. ಅಂಗಿಯ ತೋಳಿನಲ್ಲಿ ಯಾವುದೋ ಊರಿನ ಅರ್ಧ ಹೆಸರು ಯಾವಾಗಲೂ ಅಂಟಿಕೊಂಡಿರುತ್ತಿತ್ತು, ಅಮ್ಮಿ ಅದನ್ನು ಉಜ್ಜಿ ಉಜ್ಜಿ ಸೋತಿದ್ದಳು.

ನೀವು ಅಕ್ಷರ ಕಂಡುಹಿಡಿದ ಕಥೆಯನ್ನು ಎಷ್ಟು ಸಲ ಹೇಳಿದ್ದೀರಿ! ಕಂಡುಹಿಡಿದದ್ದು ಎಂದೇ ಹೇಳುತ್ತೇನೆ, ಕಲಿತದ್ದು ಎನ್ನಲು ಮನಸ್ಸು ಬರುವುದಿಲ್ಲ. ಆಲೂರಿನಿಂದ ಬಂದು ಕೆಲಸಕ್ಕೆ ಸೇರಿದಾಗ ನೀವು ತಗಡುಗಳನ್ನು ಚಹರೆ ನೋಡಿ ಗುರುತು ಹಿಡಿಯುತ್ತಿದ್ದಿರಂತೆ. ಉದ್ದದ್ದು ಚಿಕ್ಕಮಗಳೂರು, ಗಿಡ್ಡದ್ದು ಹಾಸನ, ಮೂಲೆ ಮಡಿಚಿಕೊಂಡದ್ದು ಮಂಗಳೂರು. ಒಂದು ದಿನ ಸೀಮೆಎಣ್ಣೆಯಲ್ಲಿ ತೊಳೆದು ಒಣಗಲು ಹಾಕಿದಾಗ ಮಂಗಳೂರು ಹೋಗಿ ಚಿಕ್ಕಮಗಳೂರಿನ ಪಕ್ಕಕ್ಕೆ ಕೂತಿತು. ನೋಡಿದರೆ ಎರಡರ ಬಾಲವೂ ಒಂದೇ ಥರ! ಊರು ಬೇರೆ, ತೂತು ಒಂದೇ! ಓಡಿಹೋಗಿ ಬುಕಿಂಗ್ ಕ್ಲಾರ್ಕಿಗೆ ತೋರಿಸಿದರೆ ಅವರು ನಕ್ಕು, "ಸಾಬ್ರೇ, ಅದಕ್ಕೇ ಅಲ್ವ ಅಕ್ಷರ ಅನ್ನೋದು" ಎಂದರಂತೆ. ಆವತ್ತು ನಿಮಗೆ ಊಟ ಸೇರಲಿಲ್ಲವಂತೆ. ಚಿಕ್ಕವಳಿದ್ದಾಗ ಇದು ನನಗೆ ತಮಾಷೆಯ ಕಥೆ. ಈಗ ಯೋಚಿಸಿದರೆ ಮೈ ಜುಂ ಎನ್ನುತ್ತದೆ. ಯಾರೂ ಹೇಳಿಕೊಡದೆ, ಎರಡು ಒದ್ದೆ ತಗಡು ನೋಡಿ, ಬರವಣಿಗೆ ಎಂದರೇನು ಎಂಬುದನ್ನೇ ಒಬ್ಬ ಮನುಷ್ಯ ತಾನಾಗಿ ತಿಳಿದುಕೊಳ್ಳುವುದು ಎಂದರೆ...

ನನಗೆ ಹೆಸರು ಬರೆಯಲು ಕಲಿಸಿದ್ದೂ ಹಾಗೇ ಅಲ್ಲವೇ? ಮಿಕ್ಕ ಮಕ್ಕಳಿಗೆ ಅ ಅಂದರೆ ಅರಸ, ಆ ಅಂದರೆ ಆನೆ. ನನಗೆ ಮಾತ್ರ ಅ ಅಂದರೆ ಅರಸೀಕೆರೆ. ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದಿರಿ: "ಹಾಸನದಲ್ಲಿ ಹ ತಗೋ, ದೀರ್ಘ ಅಲ್ಲೇ ಬಿಡು, ಅರಸೀಕೆರೆಗೆ ಹೋಗಿ ಸೀ ತಗೋ, ವಾಪಸ್ ಹಾಸನಕ್ಕೆ ಬಂದು ನ ತಗೋ, ಬಿಟ್ಟ ದೀರ್ಘ ಅದಕ್ಕೆ ಹಚ್ಚು. ಬೇಟಾ, ನೀನು ಹೋಗಿ ಬರೋ ಲಾರಿ!" ಒಂದೊಂದು ಅಕ್ಷರದ ಗೆರೆಯಲ್ಲೂ ಅಲ್ಲಲ್ಲಿ ಸಂದು ಬಿಡಿಸಿದಿರಿ. ದುಂಡಗಿನ ಅಕ್ಷರವನ್ನು ತಗಡಿನಲ್ಲಿ ಪೂರ್ತಿ ಕೊರೆದರೆ ಒಳಗಿನ ತುಂಡು ಕಳಚಿ ಬೀಳುತ್ತದೆ, ಅದಕ್ಕೆ ಕೊರೆಯುವವರು ಅಲ್ಲಲ್ಲಿ ಚೂರು ಹಾಗೇ ಉಳಿಸಿರುತ್ತಾರೆ. ನಿಮಗೆ ಅದು ಗೊತ್ತಿರಲಿಲ್ಲ. ಸಂದೂ ಅಕ್ಷರದ್ದೇ ಭಾಗ ಎಂದುಕೊಂಡಿದ್ದಿರಿ. ಅಂಗಡಿ ಬೋರ್ಡುಗಳಲ್ಲಿ ಸಂದೇ ಇಲ್ಲವಲ್ಲ ಎಂದು ನಾನು ಕೇಳಿದರೆ, "ಬೋರ್ಡಿನವರು ಚೆಂದಕ್ಕೆ ಮುಚ್ತಾರೆ ಬೇಟಾ. ಅಸಲಿ ಅಕ್ಷರಕ್ಕೆ ಸಂದು ಇರ್ತದೆ" ಎಂದುಬಿಟ್ಟಿರಿ. ಎಂಥ ಧೈರ್ಯ ನಿಮ್ಮದು!

ಒಂದನೇ ಕ್ಲಾಸಿನ ಮೇಷ್ಟ್ರು ನನ್ನ ಸ್ಲೇಟು ನೋಡಿ, ಬಳಪ ಸರಿ ಇಲ್ಲವೇನೋ ಎಂದು ಹೊಸದು ಕೊಟ್ಟರು. ಹೊಸ ಬಳಪದಲ್ಲೂ ಸಂದು ಬಂತು. ಆಮೇಲೆ ಕೈ ಹಿಡಿದು ತಿದ್ದಿಸಿ ತಿದ್ದಿಸಿ ಒಂದೊಂದನ್ನೂ ಮುಚ್ಚಿಸಿದರು. ಮನೆಗೆ ಬಂದು ತೋರಿಸಿದೆ. ನೀವು ಸ್ಲೇಟು ದೂರ ಹಿಡಿದು, ಹತ್ತಿರ ಹಿಡಿದು, "ಚೆಂದ ಐತೆ, ಬೋರ್ಡಿನ ಥರ" ಎಂದಿರಿ, ಅಷ್ಟೇ.

ಈಗ ಕಾಲೇಜಿನ ವಿಷಯಕ್ಕೆ ಬರುತ್ತೇನೆ. ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ ಅಬ್ಬಾ. ನೀವು ಜ್ವರ ಎಂದು ಮಲಗಿ ಏಳದೆ ಹೋದ ಮಳೆಗಾಲದಲ್ಲಿ ಓದು ಬಿಡುತ್ತೇನೆ ಎಂದು ಹಟ ಹಿಡಿದಿದ್ದೆ, ಅಮ್ಮಿ ಬಿಡಲಿಲ್ಲ. ಈ ವರ್ಷ ಕನ್ನಡಕ್ಕೆ ಹೊಸ ಮೇಡಂ ಬಂದಿದ್ದಾರೆ, ಮೈಸೂರು ಕಡೆಯವರು. ವಾರಕ್ಕೊಮ್ಮೆ ಬರವಣಿಗೆಯ ತರಗತಿ. ಮೊದಲ ದಿನವೇ, ನೀವು ಓದು ಬರಹ ಕಲಿತ ಕಥೆ ಬರೆಯಿರಿ, ನಿಮ್ಮದೇ ಆಗಿರಲಿ, ಒಳ್ಳೆಯವನ್ನು ಕಾಲೇಜಿನ ಪುಸ್ತಕಕ್ಕೆ ಹಾಕೋಣ ಎಂದರು. ಕಾಲೇಜಿಗೆ ಹೊಸದಾಗಿ ಕಂಪ್ಯೂಟರ್ ಬಂದಿದ್ದವು, ಎಲ್ಲರೂ ಅದರಲ್ಲೇ ಟೈಪು ಮಾಡಿ ಪ್ರಿಂಟು ಕೊಡಬೇಕಿತ್ತು. ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ ನಿಮ್ಮ ಕಥೆ ಬರೆದೆ. ಸಂದಿನ ಬಗ್ಗೆ ಇಡೀ ಪುಟ ಬರೆದರೂ ಆ ಯಂತ್ರದಲ್ಲಿ ಒಂದು ಸಂದು ಬಿಡಿಸಲು ನನ್ನಿಂದ ಆಗಲಿಲ್ಲ. ಅಲ್ಲಿ ಎಲ್ಲರ ಹ ಒಂದೇ ಹ.

ಮೇಡಂ ಪ್ರಿಂಟುಗಳನ್ನು ಓದುತ್ತಾ ಬಂದರು. ಕುಂದೂರಿನ ಹುಡುಗನೊಬ್ಬನ ಅಜ್ಜಿ ಬೆಂಕಿ ಮುಂದೆ ಕೂತು ಅವನಿಗೆ ಅಕ್ಷರ ಕಲಿಸುತ್ತಿದ್ದಳಂತೆ, ಹೊರಗೆ ಹಿಮ ಸುರಿಯುತ್ತಿತ್ತಂತೆ. ಇನ್ನಿಬ್ಬರ ಅಜ್ಜಿಯರೂ ಅದೇ ಬೆಂಕಿ ಮುಂದೆ ಕೂತಿದ್ದರು, ಅವರ ಮನೆಯ ಹೊರಗೂ ಹಿಮ. ಮೂವರೂ ಬಸ್‌ಸ್ಟ್ಯಾಂಡಿನ ಸೈಬರ್ ಅಂಗಡಿಗೆ ಹೋಗಿ ಯಾವುದೋ ಇಂಗ್ಲಿಷ್ ಪ್ರಬಂಧ ಇಳಿಸಿ ಕನ್ನಡ ಮಾಡಿದ್ದರು. "ನಮ್ಮೂರಲ್ಲೂ ಮಂಜು ಬೀಳುತ್ತೆ ಮೇಡಂ" ಎಂದು ಆ ಹುಡುಗ ವಾದ ಬೇರೆ ಮಾಡಿದ. ನಾನು ಬಿದ್ದು ಬಿದ್ದು ನಕ್ಕೆ. ನಗು ಹೆಚ್ಚು ಹೊತ್ತು ಉಳಿಯಲಿಲ್ಲ, ಮುಂದಿನ ಪ್ರಿಂಟು ನನ್ನದೇ ಆಗಿತ್ತು.

"ಹಸೀನಾ, ಇದು ನಿನ್ನದೇನಾ?"

"ನನ್ನದೇ ಮೇಡಂ."

"ನಂಬೋಕೆ ಆಸೆ. ಆದ್ರೆ ನಾನು ಹಿಮಾನೂ ನಂಬಿದ್ದೆ."

ನನ್ನ ಕೋಪ ನಿಮಗೆ ಗೊತ್ತಲ್ಲ. "ನಮ್ಮಪ್ಪನ್ನ ಇಂಟರ್‌ನೆಟ್ಟಿಂದ ಇಳಿಸಿಕೊಂಡೆ ಅಂತೀರಾ ಮೇಡಂ?" ಎಂದು ಕೇಳಿಯೇಬಿಟ್ಟೆ. ತರಗತಿ ನಕ್ಕಿತು. ಮೇಡಂ ನಗಲಿಲ್ಲ, ಬೈಯಲೂ ಇಲ್ಲ. "ತುಂಬ ಚೆನ್ನಾಗಿದೆ, ಅದಕ್ಕೇ ಭಯ. ಅವರು ಬರೆದದ್ದು ಏನಾದ್ರೂ ತೋರಿಸು, ಒಂದು ಸಾಲು ಸಾಕು. ನಾಳೆ ಯಾರಾದ್ರೂ ಕೇಳಿದ್ರೆ ನಾನು ಉತ್ತರ ಹೇಳಬೇಕಲ್ವಾ?" ಎಂದರು.

ಎಲ್ಲಿಂದ ತರಲಿ ಅಬ್ಬಾ? ಮನೆಯೆಲ್ಲ ಹುಡುಕಿದೆ. ಜೀವಮಾನ ಪೂರ್ತಿ ಬರೆದವರ ಮನೆಯಲ್ಲಿ ಅವರು ಬರೆದ ಒಂದು ಅಕ್ಷರವೂ ಇಲ್ಲ! ನೀವು ಬರೆದದ್ದೆಲ್ಲ ಲಾರಿ ಹತ್ತಿ ಘಟ್ಟ ಇಳಿದು ಹೋಗಿತ್ತು. ಆ ರಾತ್ರಿ ಉಣ್ಣಲಾಗಲಿಲ್ಲ. ಪುಸ್ತಕದಲ್ಲಿ ಬಾರದಿದ್ದರೆ ಕತ್ತೆ ಬಾಲ, ಅದರ ಚಿಂತೆ ಇರಲಿಲ್ಲ. ನನ್ನ ಬರಹ ಸುಳ್ಳು ಎಂದಾದರೆ ಆ ಎರಡು ತಗಡೂ ಸುಳ್ಳು, ನೀವು ಓಡಿದ್ದೂ ಸುಳ್ಳು. ಹಿಮದ ಅಜ್ಜಿಯರ ಸಾಲಿನಲ್ಲಿ ನನ್ನ ಅಬ್ಬಾ ಹೋಗಿ ಕೂರಬೇಕೇ? ಅದನ್ನು ತಡೆಯಲಾಗಲಿಲ್ಲ.

ಮರುದಿನ ಲಾರಿ ಆಫೀಸಿಗೆ ಹೋದೆ. ನೀವು ಹೋದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಹಮಾಲಿಗಳ ಮೇಸ್ತ್ರಿ ಸಿದ್ದಣ್ಣ ಈಗಲೂ ಇದ್ದಾರೆ, ಕೆ. ಹೊಸಕೋಟೆಯಿಂದ ಬಸ್ಸಿಗೇ ಓಡಾಡುತ್ತಾರೆ. ತಗಡಿನ ಮಾತೆತ್ತಿದ್ದೇ ತಡ, ಕೈ ಝಾಡಿಸಿಬಿಟ್ಟರು.

"ತಗಡಾ? ಅವ್ನೆಲ್ಲ ಗುಜರಿಗೆ ಹಾಕ್ಬುಟ್ರು ಕಣವ್ವ. ಈಗ ಎಲ್ಲಾ ಕಂಪ್ಯೂಟ್ರಲ್ಲಿ ಬರೋ ಚೀಟಿ. ಅಂಟ್ಸೋದು, ಕಳ್ಸೋದು. ಮಳೆ ಬಿದ್ರೆ ಊರೇ ಕಿತ್ಕಂಡು ಹೋಯ್ತದೆ."

ನನಗೆ ಅಳುವೇ ಬಂತು. ಸಿದ್ದಣ್ಣ ಗಾಬರಿಯಾಗಿ, ಕೂತ್ಕ ಮಗ, ಟೀ ತರಿಸ್ತೀನಿ ಎಂದು ಹೊರಟರು. ಕಣ್ಣೊರೆಸಿಕೊಂಡು ತಲೆ ಎತ್ತಿದೆ. ತಗಡುಗಳಿದ್ದ ಗೋಡೆ, ಅವೇ ಮೊಳೆಗಳು, ಅವುಗಳಲ್ಲಿ ಈಗ ಹಮಾಲಿಗಳ ಬುತ್ತಿ ಡಬ್ಬಿಗಳು ನೇತಾಡುತ್ತಿದ್ದವು. ಪ್ರತಿ ಡಬ್ಬಿಯ ಮೇಲೂ ಕರಿ ಬಣ್ಣದಲ್ಲಿ ಒಂದು ಹೆಸರು. ರಂಗ. ತಿಮ್ಮ. ಬಸವ. ಯಾವ ಎರಡೂ ಒಂದೇ ಕೈಯವಲ್ಲ, ಒಂದು ಸೊಟ್ಟ, ಒಂದು ದಪ್ಪ, ಒಂದು ಡಬ್ಬಿಯ ಅಂಚಿಗೆ ಬಂದು ಜಾಗ ಸಾಲದೆ ಕೆಳಗಿಳಿದಿದೆ. ಎಲ್ಲದರಲ್ಲೂ ಸಂದು! ಒಂದೂ ತಪ್ಪಿಲ್ಲ, ಎಲ್ಲೆಲ್ಲಿ ನೀವು ಬಿಡಿಸುತ್ತಿದ್ದಿರೋ ಅಲ್ಲಲ್ಲೇ. ನಾನು ಎದ್ದು ನಿಂತೆ. ಟೀ ಹೇಳಿ ಬಂದ ಸಿದ್ದಣ್ಣನಿಗೆ ಡಬ್ಬಿಗಳನ್ನು ತೋರಿಸಿದೆ.

"ಸಿದ್ದಣ್ಣ, ಇವನ್ನ ಯಾರು ಬರೆದದ್ದು?"

"ಯಾರ್ ಬರೀತಾರೆ? ಅವ್ರವ್ರ ಹೆಸ್ರು ಅವ್ರವ್ರೇ ಬರ್ಕಂಡವ್ರೆ. ಸಾಬ್ರು ಬಿಡ್ತಿರ್ಲಿಲ್ಲ ಕಣವ್ವ. ಹೆಬ್ಬೆಟ್ಟು ಒತ್ತೋಕೆ ಹೋದ್ರೆ ಸಾಕು, ಮೂಟೆಗೊಂದು ಹೆಸ್ರು ಐತೆ, ನಿಂಗಿಲ್ವೇನೋ ಮಾರಾಯ ಅಂತ ಗದರೋರು. ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ! ಯಾಕೆ ಹೇಳಲಿಲ್ಲ ಅಬ್ಬಾ? ನನಗೊಬ್ಬಳಿಗೇ ಕಲಿಸಿದ್ದು ಎಂದು ನಾನು ಜಂಬದಲ್ಲಿದ್ದೆನಲ್ಲ. ಹೊಟ್ಟೆಕಿಚ್ಚಾಯಿತು ಎಂದರೂ ಸುಳ್ಳಲ್ಲ. ಆದರೆ ಆ ಗೋಡೆಯ ಮುಂದೆ ನಿಂತಾಗ ಹೊಟ್ಟೆಕಿಚ್ಚಿಗಿಂತ ದೊಡ್ಡದೇನೋ ಬಂದು ಎದೆ ತುಂಬಿತು, ದರ್ಗಾದೊಳಗೆ ಕಾಲಿಟ್ಟಾಗ ಆಗುತ್ತದಲ್ಲ, ಹಾಗೆ.

ಮೇಡಂ ಅವರನ್ನು ಕರೆದುಕೊಂಡು ಬಂದೆ. ಬೇಡ ಎನ್ನುತ್ತಾರೇನೋ ಅಂದುಕೊಂಡಿದ್ದೆ, ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಒಂದು ಹಿಡಿ ಚಾಕ್‌ಪೀಸು ಹಿಡಿದು ಹೊರಟೇಬಿಟ್ಟರು. ರಂಗ ನಾಚಿಕೊಂಡು, ಸಿದ್ದಣ್ಣನಿಂದ ಬೈಸಿಕೊಂಡು, ಕೊನೆಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. "ಅರಸೀಕೆರೆ ರ" ಎನ್ನುತ್ತಾ ಬರೆದ. ಅರ್ಧದಲ್ಲಿ ಕೈ ಎತ್ತಿದ, ಚೂರು ಜಾಗ ಬಿಟ್ಟ, ಮತ್ತೆ ಊರಿದ. "ಮಂಗಳೂರು" ಎಂದು ಸೊನ್ನೆ ಹಾಕಿದ, ಸೊನ್ನೆ ಎರಡು ಅರ್ಧವಾಗಿ ನಿಂತಿತು. ಮೂಟೆ ಹೊತ್ತು ಗಟ್ಟಿಯಾದ ಆ ಬೆರಳು ಎಷ್ಟು ಹಗುರವಾಗಿ ಏಳುತ್ತಿತ್ತು! ಮೇಡಂ ಅವನ ಪಕ್ಕದಲ್ಲೇ ಕೂತುಬಿಟ್ಟಿದ್ದರು. ಒಮ್ಮೆ ಚಾಕ್‌ಪೀಸು ತೆಗೆದುಕೊಂಡು ತಾವೂ ಬರೆದು ನೋಡಿದರು, ಸಂದು ತಪ್ಪಿದ ಜಾಗದಲ್ಲಿ ರಂಗ "ಇಲ್ಲಿ ಬುಡಿ ಮೇಡಮ್ನೋರೆ" ಎಂದು ಬೆರಳಿಟ್ಟ. "ಹಸೀನಾ, ಇದನ್ನ ಟೈಪ್ ಮಾಡಿದ್ರೆ ಸತ್ತೇ ಹೋಗುತ್ತೆ" ಎಂದರು ಮೇಡಂ, ಮೆಲ್ಲಗೆ. ಹಾಸನದ ಪ್ರೆಸ್ಸಿನಲ್ಲಿ ಸ್ಕ್ಯಾನರ್ ಇದೆಯಂತೆ, ಕೈಬರಹವನ್ನು ಇದ್ದ ಹಾಗೇ ಎತ್ತಿ ಅಚ್ಚು ಹಾಕಬಹುದಂತೆ. ನನ್ನ ಬರಹದ ಜೊತೆ ಇವರೆಲ್ಲರ ಹೆಸರೂ ಅವರವರ ಕೈಯಲ್ಲೇ ಬರುತ್ತವೆ. ಪುಸ್ತಕ ಬಂದ ದಿನ ಮೊದಲ ಪ್ರತಿ ಈ ಗೋಡೋನಿಗೆ ಕೊಡುತ್ತೇನೆಂದು ಸಿದ್ದಣ್ಣನಿಗೆ ಮಾತು ಕೊಟ್ಟಿದ್ದೇನೆ, ನಿಮಗೂ ಕೊಡುತ್ತೇನೆ.

ನಾವು ಏಳುವ ಹೊತ್ತಿಗೆ ಲೋಡು ಮುಗಿಸಿ ಇನ್ನೊಬ್ಬರು ಬೆವರೊರೆಸಿಕೊಂಡು ಒಳಗೆ ಬಂದರು. ದಾಸಪ್ಪ ಎಂದು, ಹೆತ್ತೂರಿನವರು. ಇಷ್ಟು ವರ್ಷ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿದ್ದು ಈ ವರ್ಷ ಇಲ್ಲಿ ಕೆಲಸಕ್ಕೆ ಸೇರಿದವರು, ತಲೆ ಅರ್ಧ ನರೆತಿದೆ. ಕೇಳುವ ಮುಂಚೆಯೇ ಕೂತು ತಮ್ಮ ಹೆಸರು ಬರೆದರು, ದಾವಣಗೆರೆಯ ದಾ, ಹಾಸನದ ಸ, ಉಪ್ಪಿನಂಗಡಿಯ ಪ್ಪ, ಸಂದುಗಳೆಲ್ಲ ಸಂದುಗಳಿದ್ದಲ್ಲೇ.

"ನಿಮಗೂ ಸಾಬ್ರೇ ಕಲಿಸಿದ್ದಾ?" ಎಂದರು ಮೇಡಂ.

"ಯಾವ ಸಾಬ್ರು ಮೇಡಮ್ನೋರೆ? ನಂಗೆ ರಂಗ ಕಲ್ಸಿದ್ದು."

ಸಿದ್ದಣ್ಣ ನನ್ನನ್ನು ತೋರಿಸಿ, ಇವ್ಳಪ್ಪ ಕಣೋ, ಇಲ್ಲೇ ತಗಡು ಒತ್ತೋರು, ಹೋಗ್ಬುಟ್ರು ಪುಣ್ಯಾತ್ಮ ಎಂದು ಹೇಳಿದರು. ದಾಸಪ್ಪ ನನ್ನ ಮುಖ ನೋಡಿದರು, ತಾವು ಬರೆದದ್ದನ್ನು ನೋಡಿದರು.

"ಅವ್ರ ಹೆಸ್ರೇನು ತಾಯಿ? ಯಾವ್ಯಾವ ಊರು?"

ನಿಮ್ಮ ಹೆಸರನ್ನು ಊರುಗಳಲ್ಲಿ ನಾನೆಂದೂ ಕೂಡಿಸಿ ನೋಡಿರಲಿಲ್ಲ ಅಬ್ಬಾ. ಯೋಚಿಸಿ ಹೇಳಿದೆ: ಮಂಗಳೂರಿನ ಮ, ದಾವಣಗೆರೆಯ ದಾ, ಅರಸೀಕೆರೆಯ ರ. ಅವರು ಚಾಕ್‌ಪೀಸನ್ನು ಪಂಚೆಯಲ್ಲಿ ಒರೆಸಿ, ನೆಲವನ್ನು ಅಂಗೈಯಲ್ಲಿ ಗುಡಿಸಿ, ತಮ್ಮ ಹೆಸರಿಗಿಂತ ಸ್ವಲ್ಪ ಮೇಲೆ ಜಾಗ ಮಾಡಿಕೊಂಡು ಬರೆದರು. ಮದಾರ. ಸಂದು ಬಿಡಿ ಎಂದು ನಾನು ಹೇಳಬೇಕಾಗಲಿಲ್ಲ.

ನಿಮ್ಮ ಮಗಳು,
ಹಸೀನಾ