ಹಿಂದಿನ ಬಾಗಿಲಿನ ಗೀರು

ಮನೆಯಿಂದ,
ಮಾರ್ಚ್ ಹದಿನಾರು, ಶನಿವಾರ ಸಂಜೆ

ಪ್ರೀತಿಯ ಗುಂಡಮ್ಮಾ,

ಹೇಗಿದ್ದೀಯೇ? ನೆಗಡಿ ಬಿಟ್ಟಿತಾ, ಇಲ್ಲ ಇನ್ನೂ ಮೂಗು ಒರೆಸಿಕೊಳ್ಳುತ್ತಲೇ ರೋಗಿಗಳಿಗೆ ಆರೋಗ್ಯದ ಪಾಠ ಹೇಳುತ್ತಿದ್ದೀಯಾ? ಹೊಸ ಬೂಟು ಕಚ್ಚುತ್ತದೆ ಅಂದಿದ್ದೆಯಲ್ಲ, ಹಿಮ್ಮಡಿಯ ಹತ್ತಿರ ಸ್ವಲ್ಪ ಹತ್ತಿ ಇಟ್ಟುಕೊಂಡು ಹಾಕಿಕೋ. ಹೊತ್ತು ಹೊತ್ತಿಗೆ ತಿನ್ನು. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದಲ್ಲೇ ಇದೆ, ಲೈಬ್ರರಿಯಲ್ಲಿ ಏಣಿ ಹತ್ತುವಾಗ ಮಾತ್ರ ನಾನೂ ಇದ್ದೇನೆ ಅನ್ನುತ್ತದೆ. ನಿಮ್ಮಪ್ಪನೂ ಚೆನ್ನಾಗಿದ್ದಾರೆ. ಈ ಸಾಲು ಓದಿ ಮುಖ ಊದಿಸಿಕೊಳ್ಳಬೇಡ. ಫೋನಿನಲ್ಲಾದರೆ "ಅಪ್ಪನ ವಿಷಯ ಬಿಟ್ಟು ಬೇರೆ ಏನಾದ್ರೂ ಇದ್ರೆ ಹೇಳಮ್ಮ" ಅಂತ ನನ್ನ ಬಾಯಿ ಮುಚ್ಚಿಸುತ್ತೀ. ಪತ್ರಕ್ಕೆ ಹಾಗೆ ಹೇಳಲು ಬರುವುದಿಲ್ಲ. ಅದಕ್ಕೇ ಇಷ್ಟು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಸುಧಾರಿಸಿಕೊಂಡು ಓದು.

ಮೊನ್ನೆ ನೀನು ಹೇಳಿದ ಮಾತು ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ. ತಿಂಗಳ ಕೊನೆಯೊಳಗೆ ಆಸ್ಪತ್ರೆಯ ಕಾರು ಓಡಿಸಿ ತೋರಿಸಬೇಕಂತೆ. ಆಗದಿದ್ದರೆ ಮನೆ ಮನೆಗೆ ಹೋಗಿ ಶುಶ್ರೂಷೆ ಮಾಡುವ ಕೆಲಸ ಬೇರೆಯವರಿಗಂತೆ, ನಿನಗೆ ಮತ್ತೆ ವಾರ್ಡಂತೆ. ನೀನಾಗಿಯೇ "ವಾರ್ಡೇ ಸಾಕು" ಅಂತ ಬರೆದುಕೊಡುತ್ತೀಯಂತೆ. ಅಲ್ಲ ಕಣೇ, ಹಾಸಿಗೆ ಹಿಡಿದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳಬೇಕು ಅಂತ ಹಟ ಹಿಡಿದು ಈ ಕೆಲಸಕ್ಕೆ ಸೇರಿದವಳು ನೀನು. ಲೈಸೆನ್ಸು ಕೈಗೆ ಬಂದ ದಿನ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದವಳು. ನಮ್ಮ ಕಾರಿನ ಹಿಂದಿನ ಬಾಗಿಲ ಮೇಲಿನ ಒಂದು ಗೀರಿನ ದೆಸೆಯಿಂದ "ಇನ್ಮೇಲೆ ನಾನು ಸ್ಟೀರಿಂಗ್ ಮುಟ್ಟಲ್ಲ" ಅಂದರೆ ನಾನು ಹೇಗೆ ಸುಮ್ಮನಿರಲಿ? ಅವತ್ತು ನೀನು ಕಾರನ್ನು ಗೇಟಿನಿಂದ ಹೊರಗೆ ತಂದ ಕೂಡಲೇ ನಿಮ್ಮಪ್ಪ ಬೀದಿಯಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ, "ಗೇಟಿಗೆ ಉಜ್ಜಿಕೊಂಡು ಬಂದಿದ್ದೀಯ, ಕಣ್ಣೆಲ್ಲಿಟ್ಟಿದ್ದೆ?" ಅಂತ ಕೂಗಾಡಿದ್ದು ತಪ್ಪು. ನೂರಕ್ಕೆ ನೂರು ತಪ್ಪು. ನೀನು ತಲೆ ತಗ್ಗಿಸಿ "ತಾಗಿದ್ದು ಗೊತ್ತೇ ಆಗ್ಲಿಲ್ಲಪ್ಪ" ಅಂದದ್ದನ್ನು ನಾನಿನ್ನೂ ಮರೆತಿಲ್ಲ.

ಈಗ ನೀನು ಬಸ್ಸು ಹತ್ತಿದ ಮೇಲೆ ಇಲ್ಲಿ ನಡೆದ ಪುರಾಣ ಕೇಳು. ಆ ವಾರವೆಲ್ಲ ನಿಮ್ಮಪ್ಪ ಹೊಲಿಗೆ ಯಂತ್ರದ ಜೊತೆ ಮಾತ್ರ ಮಾತಾಡಿದರು. ತಪ್ಪಾಯಿತು ಅನ್ನುವುದು ಅವರ ಜಾಯಮಾನದಲ್ಲೇ ಇಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಜೊತೆ ಜಗಳವಾಡಿ ಮಾತು ಬಿಟ್ಟಿದ್ದಾಗ, ನನ್ನ ಹರಿದ ಕೊಡೆಯನ್ನು ಯಾರಿಗೂ ಹೇಳದೆ ಹೊಲಿದು ಬಾಗಿಲ ಹಿಂದೆ ನೇತುಹಾಕಿದ್ದರು. ಅದೇ ರಾಜಿ. ಈ ಸಲ ಕೊಡೆಯ ಬದಲು ಕಾರು. ಒಂದು ಬೆಳಿಗ್ಗೆ ಎದ್ದವರೇ ಪಾಲಿಶ್ ಬಾಟಲಿ ತಂದು, ಆ ಗೀರನ್ನು ತಾವೇ ತೆಗೆಯುತ್ತೇನೆ ಅಂತ ತೋಳು ಮಡಚಿದರು. ಬಾಟಲಿಯ ಮೇಲೆ ಎಂಥ ಬಟ್ಟೆ ಬಳಸಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು, ನಾನು ಓದಿ ಹೇಳಿದೆ. "ಬಟ್ಟೆ ವಿಷ್ಯ ನಂಗೆ ಬಾಟಲಿ ಹೇಳ್ಕೊಡ್ಬೇಕಾ?" ಅಂದರು. ಯಾರದೋ ಕೋಟಿನ ಕಾಲರಿಗೆ ತಂದು ಮಿಕ್ಕಿದ್ದ ವೆಲ್ವೆಟ್ ತುಂಡು ತೆಗೆದುಕೊಂಡರು. ಅದಕ್ಕಿಂತ ಮೆತ್ತನೆಯದು ಅಂಗಡಿಯಲ್ಲಿ ಇಲ್ಲವಂತೆ. ಸರಿ, ಉಜ್ಜಿದ್ದೇ ಉಜ್ಜಿದ್ದು. ಮೋಡದ ದಿನ, ಬಾಗಿಲು ಹೊಳೆದ ಹಾಗೆ ಕಂಡಿತು. ನಿಮ್ಮಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತದ್ದೇನು, ನನ್ನನ್ನು ಕರೆದು ತೋರಿಸಿದ್ದೇನು!

ಮರುದಿನ ಬಿಸಿಲು ಬಿತ್ತು ನೋಡು, ಬಂಡವಾಳ ಬಯಲಾಯಿತು. ಗೀರು ಇದ್ದಲ್ಲೇ ಇತ್ತು, ಅದರ ಸುತ್ತ ಇಡೀ ಬಾಗಿಲ ತುಂಬ ಸುತ್ತು ಸುತ್ತು ಸಣ್ಣ ಗೆರೆಗಳು, ಜೇಡ ರಾತ್ರಿಯೆಲ್ಲ ಕೂತು ಬಲೆ ನೇಯ್ದ ಹಾಗೆ. ಕಡುನೀಲಿ ಬಣ್ಣ ಬೇರೆ, ಏನನ್ನೂ ಮುಚ್ಚಿಡುವುದಿಲ್ಲ. ನಿಮ್ಮಪ್ಪನ ಮುಖ ಇಷ್ಟೇ ಇಷ್ಟಾಯಿತು. ಪಾಪ ಅನ್ನಿಸಿತು, ನಗುವೂ ಬಂತು. ನಗುವನ್ನು ನುಂಗಿಕೊಂಡು ಹಿಂದಿನ ಬೀದಿಗೆ ಹೋಗಿ ಪೇಂಟರಕ್ಕನನ್ನು ಕರೆತಂದೆ. ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಾರಲ್ಲ, ಯಾವಾಗ ನೋಡಿದರೂ ಮೂಗಿನ ತುದಿಯಲ್ಲಿ ಒಂದು ಬಣ್ಣ ಇರುತ್ತದೆ, ಅವರೇ. ಬಂದವರು ಮೊದಲು ಕಾರು ನೋಡಲಿಲ್ಲ, ವೆಲ್ವೆಟ್ ತುಂಡನ್ನು ಕೊಡವಿದರು. ಬೆಳ್ಳಗೆ ಪುಡಿ ಹಾರಿತು. ನಿಮ್ಮಪ್ಪ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪುಡಿ, ಕತ್ತರಿಸುವ ಮೇಜಿನಿಂದ ಅಂಟಿಕೊಂಡು ಬಂದದ್ದು! "ಟೈಲರಣ್ಣ, ನೀವು ಪಾಲಿಶ್ ಮಾಡಿಲ್ಲ, ಸೀಮೆಸುಣ್ಣದಲ್ಲಿ ತಿಕ್ಕಿದ್ದೀರಿ" ಅಂದರು ಅಕ್ಕ. ಪ್ರಪಂಚದಲ್ಲಿ ಬೇರೆ ಯಾರಿಂದಲೂ ಆಗದ ತಪ್ಪನ್ನು ಮಾಡುವುದರಲ್ಲಿ ನಿಮ್ಮಪ್ಪ ನಿಸ್ಸೀಮರು.

ಆಮೇಲೆ ಅಕ್ಕ ಹಳೆಯ ಗೀರಿನ ಮೇಲೆ ಉಗುರು ಆಡಿಸಿದರು. ಉಗುರು ಸಿಕ್ಕಿಕೊಂಡರೆ ಗೀರು ಆಳಕ್ಕೆ ಇಳಿದಿದೆ ಅಂತ, ಜಾರಿಕೊಂಡು ಹೋದರೆ ಮೇಲಿನ ಗಾಜಿನಂಥ ಪದರದಲ್ಲೇ ಇದೆ, ಉಜ್ಜಿದರೆ ಹೋಗುತ್ತದೆ ಅಂತ. ಜಾರಿತು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಕೂತು, ಕತ್ತು ಓರೆ ಮಾಡಿ ನೋಡಿ, "ಇದು ಗೇಟು ತಾಗಿ ಆಗಿದ್ದಲ್ಲ" ಅಂದರು. ಓಡುವ ಗಾಡಿಗೆ ಗೇಟು ತಾಗಿದರೆ ಉದ್ದಕ್ಕೆ ನೇರ ಗೆರೆ ಬೀಳಬೇಕಂತೆ. ಇದು ಒಂದೇ ಗೀರಲ್ಲ, ಒಂದೇ ಜಾಗದಲ್ಲಿ ಒಂದರ ಮೇಲೊಂದು ಬಿದ್ದ ತುಂಡು ತುಂಡು ಬಾಗು ಗೆರೆಗಳು. "ಯಾರೋ ದಿನಾ ಇಲ್ಲಿ ಒರಗಿಕೊಂಡು ನಿಲ್ತಾರೆ. ಸೊಂಟದಲ್ಲಿ ಏನೋ ನೇತಾಡ್ತಿರುತ್ತೆ" ಅಂದರು. ಗುಂಡಮ್ಮಾ, ಆಗ ನಿಮ್ಮಪ್ಪ ಎಲ್ಲಿ ನಿಂತಿದ್ದರು ಅಂತೀಯ? ಅದೇ ಬಾಗಿಲಿಗೆ ಒರಗಿಕೊಂಡು! ಸಂಜೆ ಅಂಗಡಿ ಮುಚ್ಚಿ ಔಷಧಿ ಅಂಗಡಿಯವರ ಜೊತೆ ಹರಟೆ ಹೊಡೆಯುವಾಗ ನಿಲ್ಲುವ ಜಾಗ ಅದು. ಬೆಲ್ಟಿನಲ್ಲಿ ಅಂಗಡಿಯ ಬೀಗದಕೈ ಗೊಂಚಲು. ಗಡಬಡಿಸಿ ನೆಟ್ಟಗೆ ನಿಂತರು, ಗೊಂಚಲು ಝಣ್ ಅಂದಿತು. ಅಕ್ಕ ಗೊಂಚಲು ನೋಡಿದರು, ನಾನು ಆಕಾಶ ನೋಡಿದೆ.

ಗೀರು ನಿನ್ನದಲ್ಲ ಕಂದಾ. ನಿನಗೆ ತಾಗಿದ್ದು ಗೊತ್ತಾಗಲಿಲ್ಲ, ಯಾಕೆಂದರೆ ಏನೂ ತಾಗಿರಲೇ ಇಲ್ಲ. ಆ ಇಕ್ಕಟ್ಟಿನ ಗೇಟಿನಿಂದ ನೀನು ಕಾರನ್ನು ಕೂದಲೂ ಕೊಂಕದ ಹಾಗೆ ಹೊರಗೆ ತಂದಿದ್ದೆ. ನಿನ್ನ ಕೈಯನ್ನು ನೀನೇ ನಂಬದ ಹಾಗಾಯಿತಲ್ಲ ಅಂತ ನನಗೆ ಅವತ್ತು ಅಳುವೇ ಬಂದುಬಿಟ್ಟಿತು.

ಅಲ್ಲಿಂದ ಮುಂದೆ ನಿಮ್ಮಪ್ಪ ಕಮಕ್ ಕಿಮಕ್ ಅನ್ನದೆ ಪೇಂಟರಕ್ಕ ಹೇಳಿದ ಹಾಗೆ ಕೇಳಿದರು. ಕಾರನ್ನು ನೆರಳಿಗೆ ತಂದು, ಬಾಗಿಲು ತಣ್ಣಗಾಗುವವರೆಗೆ ಕಾದು, ಶಾಂಪೂವಿನಲ್ಲಿ ತೊಳೆದು ಒರೆಸಿದರು. ಕಪ್ಪು ರಬ್ಬರಿಗೆ ಬಿಳಿ ಕಲೆ ಹತ್ತಬಾರದು ಅಂತ ಅಂಚಿಗೆಲ್ಲ ಟೇಪು ಹಚ್ಚಿದರು. ಆ ಟೇಪನ್ನು ನೋಡಬೇಕಿತ್ತು, ಮದುವೆ ಕೋಟಿಗೆ ಪಟ್ಟಿ ಇಟ್ಟಷ್ಟು ಚೊಕ್ಕ. ಸ್ಪಂಜಿನ ಮೇಲೆ ಬಟಾಣಿಯಷ್ಟು ರಬ್ಬಿಂಗ್ ಕಾಂಪೌಂಡ್, ಅಂದರೆ ಗೀರು ಸವೆಸುವ ಪೇಸ್ಟು, ಹಾಕಿಕೊಂಡು, ಅಂಗೈ ಅಗಲದ ಜಾಗವನ್ನು ಮಾತ್ರ ಉಜ್ಜುವುದು, ಒರೆಸಿ ನೋಡುವುದು, ಮತ್ತೆ ಉಜ್ಜುವುದು. ಜೋರಾಗಿ ಒತ್ತಿದರೆ ಮೇಲಿನ ಪದರವೇ ಸವೆದುಹೋಗುತ್ತದೆ ಅಂತ ಅಕ್ಕ ಹೆದರಿಸಿದ್ದರಿಂದ ಮಗುವಿನ ಕೆನ್ನೆ ಒರೆಸಿದ ಹಾಗೆ ಒರೆಸುತ್ತಿದ್ದರು. ಒರೆಸುವ ಮೈಕ್ರೋಫೈಬರ್ ಬಟ್ಟೆಯ ಅಂಚಿನ ಲೇಬಲ್ಲೂ ಗೀರುತ್ತದೆ ಅಂತ ತಾವೇ ಕಂಡುಹಿಡಿದು ಹೊಲಿಗೆ ಬಿಚ್ಚಿ ತೆಗೆದರು. ಅದಕ್ಕೆ ಅಕ್ಕ "ಭೇಷ್" ಅಂದದ್ದೇ ತಡ, ಎದೆ ಉಬ್ಬಿಸಿದರು. ಕಾಂಪೌಂಡ್ ಆದಮೇಲೆ ನುಣ್ಣನೆಯ ಪಾಲಿಶು, ಅದಾದಮೇಲೆ ಮೇಣ. ಮೇಣ ಮಂಜಿನಂತೆ ಬೆಳ್ಳಗೆ ಒಣಗಿದ ಮೇಲೆ ಒರೆಸಿದರೆ ಬಾಗಿಲಲ್ಲಿ ನನ್ನ ಮುಖವೇ ಕಂಡಿತು, ತಲೆಗೂದಲು ಕೆದರಿದ್ದೂ ಸೇರಿದಂತೆ. ಇನ್ನು ಕೈ ತಡೆಯುತ್ತದೆಯೇ? ಉಳಿದ ಬಾಗಿಲು, ಬಾನೆಟ್ಟು ಎಲ್ಲವೂ ಆಯಿತು. ಅಂಗಡಿಗೆ ಬಂದವರೆಲ್ಲ "ಬಟ್ಟೆ ಯಾವಾಗ ಕೊಡ್ತೀರಿ?" ಅಂತ ಕೇಳಿ ಕೇಳಿ ವಾಪಸ್ ಹೋದರು.

ಮೊನ್ನೆ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು "ಅದು ಗೇಟಲ್ಲವಂತೆ" ಅಂದರು. ಪೇಪರಿನಲ್ಲಿ ಓದಿದವರ ಹಾಗೆ! "ನನಗ್ಯಾಕೆ ಹೇಳ್ತೀರಿ, ಯಾರಿಗೆ ಹೇಳ್ಬೇಕೋ ಅವಳಿಗೆ ಹೇಳಿ" ಅಂದೆ. ಊಟ ಬಿಟ್ಟು ಎದ್ದು ಫೋನು ಹಿಡಿದರು. ನಿನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ನಿಂತು, ಒತ್ತದೆ ಇಟ್ಟುಬಿಟ್ಟರು. "ಅವಳು ತೆಗೆಯದಿದ್ರೆ?" ಅಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನೀನು ಅವರನ್ನು ಕ್ಷಮಿಸು ಅಂತ ನಾನು ಹೇಳುವುದಿಲ್ಲ, ಅದು ನಿಮ್ಮಿಬ್ಬರ ವ್ಯವಹಾರ. ವಾರ್ಡೇ ಸಾಕು ಅಂತ ಬರೆದುಕೊಡುವ ಮುಂಚೆ ಒಂದೇ ಒಂದು ಸಲ ಯೋಚಿಸು ಅಂತಷ್ಟೇ ಕೇಳುತ್ತೇನೆ. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ. ಆದರೂ ನೀನು ಅಲ್ಲಿ, ನಿನಗೆ ಬೇಕಾದ ಕೆಲಸ ಮಾಡಿಕೊಂಡು ಓಡಾಡುತ್ತಿದ್ದೀಯ ಅನ್ನುವುದೇ ನನಗೆ ದೊಡ್ಡ ಧೈರ್ಯ.

ಸೋಮವಾರ ಲೈಬ್ರರಿಗೆ ಹೋಗುವಾಗ ಇದನ್ನು ಅಂಚೆಗೆ ಹಾಕುತ್ತೇನೆ. ನಿನ್ನ ಕೈ ನಿನಗೆ ಸದಾ ಒದಗಲಿ, ನೀನು ಕದ ತಟ್ಟಿದ ಮನೆಯವರೆಲ್ಲ ಬೇಗ ಎದ್ದು ಓಡಾಡುವಂತಾಗಲಿ. ಹೊದ್ದುಕೊಂಡು ಮಲಗು.

ನಿನ್ನನ್ನೇ ನೆನೆಯುತ್ತಿರುವ,
ಅಮ್ಮ

ತಾ.ಕ.: ಭಾನುವಾರ ಬೆಳಿಗ್ಗೆ, ಒಲೆ ಮೇಲೆ ಹಾಲಿಟ್ಟು ಗೀಚುತ್ತಿದ್ದೇನೆ. ಅಂಚೆಯ ಮಾತು ಬಿಡು. ನಿಮ್ಮಪ್ಪ ಎದ್ದವರೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ಕಾರು ಅವಳ ಹತ್ರಾನೇ ಇರ್ಲಿ, ಅಭ್ಯಾಸಕ್ಕೆ ಬೇಕಾಗುತ್ತೆ. ಬಿಟ್ಟು ಬಸ್ಸಲ್ಲಿ ಬರ್ತೀನಿ" ಅಂತ ಹೊರಟು ನಿಂತಿದ್ದಾರೆ. ಪತ್ರ ಅವರ ಕೈಯಲ್ಲೇ ಕೊಡುತ್ತಿದ್ದೇನೆ, ಒಳಗೇನಿದೆ ಅಂತ ಅವರಿಗೆ ಗೊತ್ತಿಲ್ಲ. ನಿನ್ನ ಹಾಸ್ಟೆಲಿನ ಬಾಗಿಲಲ್ಲಿ ಇದನ್ನು ಯಾರ ಕೈಯಲ್ಲಾದರೂ ಕೊಟ್ಟು ಕಳಿಸಿ, ಮೇಲೆ ಬರಲು ಧೈರ್ಯ ಸಾಲದೆ, ಕೆಳಗೆ ಟೈರು ನೋಡುವ ನೆಪದಲ್ಲಿ ನಿಂತಿರುತ್ತಾರೆ. ಓದಿದ್ದು ಸಾಕು, ಇಳಿದು ಹೋಗು. ತಪ್ಪಾಯಿತು ಅಂತ ಅವರ ಬಾಯಲ್ಲಿ ಬರುವುದಿಲ್ಲ, ಕಾಯಬೇಡ. ಬಸ್‌ಸ್ಟ್ಯಾಂಡು ಎಷ್ಟು ದೂರ ಅಂತ ಕೇಳುತ್ತಾರೆ. ನಡೆದು ಹೋಗಲು ಬಿಡಬೇಡ, ನೀನೇ ಕಾರಿನಲ್ಲಿ ಬಿಟ್ಟು ಬಾ. ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ಒತ್ತುತ್ತಾರೆ. ಒತ್ತಿಕೊಳ್ಳಲಿ, ನೀನು ಓಡಿಸು.