ಐಸ್‌ಕ್ರೀಮಿನ ಪಕ್ಕದ ವಾಲ್ವ್

ನಿರ್ವಹಣಾ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ವಿಮಾನದ ಬಿಡಿಭಾಗವನ್ನು ಕ್ಯಾಂಟೀನಿನ ಫ್ರೀಜರಿನಲ್ಲಿ ಐಸ್‌ಕ್ರೀಮಿನ ಪಕ್ಕ ಇಟ್ಟದ್ದೇಕೆ ಎಂದು ಕೇಳಿದ ತಮ್ಮ ನೋಟಿಸು ತಲುಪಿತು. ಏಳನೇ ನಂಬರಿನ ವಿಮಾನದ ಬಗ್ಗೆ ನಾನು ಬರೆದ ನಾಲ್ಕು ಪತ್ರಗಳಿಗೆ ಬಾರದ ಉತ್ತರ, ಐಸ್‌ಕ್ರೀಮಿನ ವಿಷಯಕ್ಕೆ ಒಂದೇ ದಿನದಲ್ಲಿ ಬಂದದ್ದು ಕಂಡು ಧನ್ಯನಾದೆ.

ಪೈಲಟ್ ಕಾಲಿನ ಪೆಡಲ್ ಒತ್ತಿ ತಿರುಗಿಸುವ ಆ ವಿಮಾನದ ಬಾಲದ ಚುಕ್ಕಾಣಿ ಆಕಾಶದಲ್ಲಿ ಮೂರು ಸಲ ಬಿಗಿದುಕೊಂಡಿತು. "ಮೇಲೆ ಹೋದ್ರೆ ಪೆಡಲ್ ಕಲ್ಲು, ಕೆಳಗಿಳಿದ್ರೆ ಬೆಣ್ಣೆ ಕಣಪ್ಪಾ" ಎಂದರು ಪೈಲಟಮ್ಮ. ತಾವು ಅವರ ಕಾಲನ್ನು ದೂರಿದಿರಿ, ತಯಾರಿಸಿದ ಕಂಪನಿಯವರು ನನ್ನ ಕೈಯನ್ನು ದೂರಿದರು. ಚುಕ್ಕಾಣಿಗೆ ಎಣ್ಣೆ ಹಾಯಿಸುವ ವಾಲ್ವನ್ನು ಮಾತ್ರ ಯಾರೂ ದೂರಲಿಲ್ಲ. ನಮ್ಮ ಬೆಚ್ಚಗಿನ ಶೆಡ್ಡಿನಲ್ಲಿ ಪರೀಕ್ಷಿಸಿದಾಗಲೆಲ್ಲ ಅದು ಹೊಸ ಅಳಿಯನಷ್ಟು ವಿನಯದಿಂದ ನಡೆದುಕೊಂಡಿತು.

ಮೇಲಿನ ಚಳಿ ನಮ್ಮಲ್ಲಿ ಸಿಗುವುದು ಆ ಫ್ರೀಜರಿನಲ್ಲಷ್ಟೇ. ವಾಲ್ವನ್ನು ಬಿಚ್ಚಿ, ಒರೆಸಿ, ಚೀಲದಲ್ಲಿ ಕಟ್ಟಿ ಅಲ್ಲಿಟ್ಟೆ. ಐದು ತಾಸು ಬಿಟ್ಟು ತೆಗೆದು, ಹಾರುವಾಗ ಆಗುವಂತೆಯೇ ತಣ್ಣಗಿನ ವಾಲ್ವಿಗೆ ಬಿಸಿ ಎಣ್ಣೆ ಹಾಯಿಸಿದರೆ ಕಚ್ಚಿಕೊಂಡಿತು. "ಅಯ್ಯೋ, ಇದನ್ನ ನಂಬ್ಕೊಂಡು ಜನರನ್ನ ಕೂರಿಸ್ತೀರೇನ್ರೋ?" ಎಂದರು ಕ್ಯಾಂಟೀನಿನ ಅಕ್ಕ.

ನಾಳೆ ಬೆಳಗ್ಗೆ ಅದೇ ವಾಲ್ವ್ ಕೂರಿಸಿ, ನೂರ ಎಂಬತ್ತು ಜನರನ್ನು ಹತ್ತಿಸಲು, ನಾನು 'ದೋಷ ಕಂಡುಬಂದಿಲ್ಲ' ಎಂದು ಸಹಿ ಹಾಕಬೇಕಂತೆ. ಹಾಕುವುದಿಲ್ಲ.

ವಾಲ್ವ್ ಮತ್ತೆ ಫ್ರೀಜರಿನಲ್ಲಿದೆ. ಇಂದು ಮಧ್ಯಾಹ್ನ ಮೂರಕ್ಕೆ ದಯವಿಟ್ಟು ಬಂದು ತಾವೇ ಎಣ್ಣೆ ಹಾಯಿಸಿ ನೋಡಿ. ಸರಾಗವಾಗಿ ಆಡಿದರೆ ನನ್ನನ್ನು ಕೆಲಸದಿಂದ ತೆಗೆಯಿರಿ, ಕಚ್ಚಿಕೊಂಡರೆ ವಿಮಾನ ನಿಲ್ಲಿಸಿ. ತಪ್ಪು ಯಾರದೆಂದು ಜಗಳವಾಡಲು ಆಮೇಲೆ ಬೇಕಾದಷ್ಟು ಪುರುಸೊತ್ತಿದೆ.

ಜಾಗ ಮಾಡಲು ಎರಡು ಐಸ್‌ಕ್ರೀಮ್ ತಿಂದದ್ದು ನಿಜ. ಆ ತಪ್ಪು ಪೂರ್ತಿ ನನ್ನದೇ.

ಇಂತಿ, ಈ ಕಾಗದಕ್ಕೆ ಮಾತ್ರ ಸಹಿ ಹಾಕಿರುವ,
ತಮ್ಮ ಹಿರಿಯ ಮೆಕ್ಯಾನಿಕ್