ಅಡ್ಡಿಯಿಲ್ಲ ಅಂದರೆ?

ಮನೆಯಿಂದ,
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ರೀ,

ಮೊದಲು ನಿಮ್ಮ ಮೈ ಹೇಗಿದೆ ಹೇಳಿ. ಸೊಂಟದ ಹಿಡಿತ ಬಿಟ್ಟಿತೇ? ಕೆಲಸ ಮುಗಿದ ಮೇಲೆ ಕಣ್ಣಿಗೆ ತಣ್ಣೀರು ಹಾಕಿ ತೊಳೆಯುತ್ತೀರೋ, ಇಲ್ಲ ಹಾಗೇ ಹೊದಿಕೆ ಎಳೆದುಕೊಂಡು ಮಲಗುತ್ತೀರೋ? ಸೇತುವೆಯ ಮೇಲೆ ಗಾಳಿ ಜೋರಿದ್ದ ದಿನ ಸೊಂಟಕ್ಕೆ ಸೇಫ್ಟಿ ಬೆಲ್ಟು ಕಟ್ಟಿಕೊಳ್ಳದೆ ಹತ್ತಬೇಡಿ. ನೀವು ಅಷ್ಟು ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೀರಿ ಅನ್ನುವುದು ನಮಗೆ ಗೊತ್ತು, ಗಾಳಿಗೆ ಗೊತ್ತಿರುವುದಿಲ್ಲ. ಇಲ್ಲಿ ದೇವರ ದಯೆಯಿಂದ ನಿಮ್ಮ ಮಗಳು ಪಾಪು, ನಾನು ಇಬ್ಬರೂ ಕ್ಷೇಮ. ನನ್ನ ಮಂಡಿ ಬೆಳಿಗ್ಗೆ ಸ್ವಲ್ಪ ಹಟ ಮಾಡುತ್ತದೆ, ಪ್ರಾರ್ಥನೆ ಮುಗಿಸಿ ಏಳುವ ಹೊತ್ತಿಗೆ ದಾರಿಗೆ ಬರುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನಬೇಡಿ. ಫೋನಿನಲ್ಲಿ ನೀವು "ಹೂಂ" ಅಂತೀರಿ, ಆಮೇಲೆ "ಸರಿ, ಇಡಲಾ?" ಅಂತೀರಿ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ನಿಮ್ಮ ಜೊತೆ ಕ್ರೇನು ನಡೆಸುವವರು ರಜೆ ಮುಗಿಸಿ ಇವತ್ತು ಸಂಜೆಯ ಬಸ್ಸಿಗೆ ಹೊರಡುತ್ತಾರಂತೆ, ಅವರ ಕೈಯಲ್ಲೇ ಕೊಡುತ್ತಿದ್ದೇನೆ.

ಇದನ್ನು ಬರೆಯುತ್ತಿರುವುದು ಪಾಪು ಮಾಡಿದ ಕಬ್ಬಿಣದ ಸ್ಟೂಲಿನ ಮೇಲೆ ಕೂತು. ನೆನಪಿದೆಯಲ್ಲ? ವೆಲ್ಡಿಂಗ್ ತರಬೇತಿ ಶಾಲೆಯಲ್ಲಿ ಮೊದಲ ವರ್ಷ ಮುಗಿಯುವಾಗ ಅವಳೇ ಅಳತೆ ಹಿಡಿದು, ಅವಳೇ ಕತ್ತರಿಸಿ, ಅವಳೇ ಬೆಸುಗೆ ಹಾಕಿದ್ದು. ಅಮ್ಮನ ಮಂಡಿಗೆ ಇಷ್ಟು ಎತ್ತರ ಸಾಕು ಅಂತ ನನ್ನನ್ನು ಗೋಡೆಗೆ ನಿಲ್ಲಿಸಿ ಗುರುತು ಮಾಡಿದ್ದಳು. ಹೋದ ತಿಂಗಳು ನೀವು ಬಂದಾಗ ಅದನ್ನು ಕಿಟಕಿಯ ಹತ್ತಿರ ಒಯ್ದು ತಲೆಕೆಳಗು ಮಾಡಿ, ಒಂದೊಂದು ಜೋಡಣೆಯ ಮೇಲೂ ಹೆಬ್ಬೆರಳು ಆಡಿಸಿದಿರಿ. ಅವಳು ಬಾಗಿಲ ಹತ್ತಿರ ನಿಮ್ಮ ಮುಖವನ್ನೇ ನೋಡುತ್ತಾ ನಿಂತಿದ್ದಳು. ನೀವು ಸ್ಟೂಲು ಕೆಳಗಿಟ್ಟು, ಕೈ ಒರೆಸಿಕೊಂಡು, "ಅಡ್ಡಿಯಿಲ್ಲ" ಅಂದು ಊಟಕ್ಕೆ ಕೂತಿರಿ. ಅಷ್ಟೇ. ಮಾರನೆಯ ದಿನ ಬಸ್ಸು ಹತ್ತಿದಿರಿ.

ನೀವು ಹೋದ ಮೇಲೆ ಅವಳು ವೆಲ್ಡಿಂಗ್ ಮುಖವಾಡವನ್ನು ಬೀರುವಿನ ಮೇಲೆ ಎತ್ತಿಟ್ಟಿದ್ದಾಳೆ. ಬೀದಿ ಕೊನೆಯ ಬಟ್ಟೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಕೂರುವವರು ಬೇಕಂತೆ, ಹೋಗಿ ಮಾತಾಡಿಕೊಂಡು ಬಂದಿದ್ದಾಳೆ. ಎರಡನೇ ವರ್ಷಕ್ಕೆ ಸೇರುವವರು ೨೨ನೇ ತಾರೀಖು, ಸೋಮವಾರದೊಳಗೆ ಹೆಸರು ಕೊಡಬೇಕು. ಕೊಡ್ತೀಯೇನೇ ಅಂತ ಕೇಳಿದರೆ "ನೋಡೋಣಮ್ಮ" ಅಂತಾಳೆ. ಈ ಮನೆಯಲ್ಲಿ ನೋಡೋಣ ಅಂದರೆ ಇಲ್ಲ ಅಂತ, ನಿಮಗೂ ಗೊತ್ತು. ಅಂಗಡಿ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಅವಳ ಕೈ ಅಲ್ಲಿಲ್ಲ, ಅಷ್ಟೇ. ಸುಮ್ಮನೆ ಕೂತಾಗಲೂ ಅವಳ ಕಣ್ಣು ಹೋಗುವುದು ಕಿಟಕಿಯ ಸರಳು ಗೋಡೆಗೆ ಸೇರುವ ಜಾಗಕ್ಕೇ.

ಈಗ ಇನ್ನೊಂದು ಸುದ್ದಿ, ಖುಷಿಯದ್ದು. ನಿಮ್ಮ ಹೆಂಡತಿ ಬರಹಗಾರ್ತಿಯಾಗಿದ್ದಾಳೆ! ನಗಬೇಡಿ, ಪೂರ್ತಿ ಕೇಳಿ. ನಮ್ಮ ಏಣಿ ಕಾರ್ಖಾನೆಯಲ್ಲಿ ಪ್ರತಿ ಏಣಿಗೂ ಒಂದು ಅಚ್ಚಾದ ಹಾಳೆ ಕಟ್ಟಿ ಕಳಿಸುತ್ತೇವಲ್ಲ, ಅದನ್ನು ಕಟ್ಟುವವಳು ನಾನೇ ಆದರೂ ಒಂದು ದಿನವೂ ಓದಿರಲಿಲ್ಲ. ಯಾರೋ ಜಾಹೀರಾತಿನವರು ಬರೆದುಕೊಟ್ಟದ್ದು. "ಅತ್ಯುತ್ತಮ ಗುಣಮಟ್ಟ, ಸಾಟಿಯಿಲ್ಲದ ದೃಢತೆ, ನುಣುಪಾದ ಅಂಚು, ಎಂದೆಂದಿಗೂ ಬಾಳಿಕೆ" ಅಂತೆಲ್ಲ. ಒಂದು ದೊಡ್ಡ ಗ್ರಂಥಾಲಯದವರು ಕಪಾಟುಗಳಿಗೆ ಏಣಿ ಬೇಕು ಅಂತ ಮಾದರಿಗೆ ಒಂದು ತರಿಸಿಕೊಂಡರು. ಏಣಿಯನ್ನು ಇಟ್ಟುಕೊಂಡು ಹಾಳೆಯನ್ನು ಮಾತ್ರ ವಾಪಸು ಕಳಿಸಿದರು. ಅಲ್ಲಿಯ ಮೇಲ್ವಿಚಾರಕಿ ಪ್ರತಿ ಮಾತಿನ ಕೆಳಗೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಒಂದೇ ಒಂದು ಪ್ರಶ್ನೆ ಬರೆದಿದ್ದರು: "ಅಂದರೆ?" ಅತ್ಯುತ್ತಮ ಅಂದರೆ? ಸಾಟಿಯಿಲ್ಲದ ಅಂದರೆ? ಹಾಳೆಯ ತುಂಬ ಅಂದರೆ, ಅಂದರೆ, ಅಂದರೆ. ಹತ್ತುವವರಿಗೆ ತಿಳಿಯುವ ಹಾಗೆ ಬರೆದು ಕಳಿಸಿದರೆ ಏಣಿಗಳನ್ನು ಕೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ ಅಂತ ಕೊನೆಯಲ್ಲಿ ಒಂದು ಸಾಲು.

ನಮ್ಮ ಸಣ್ಣಮ್ಮ, ಅದೇ ಹಳೇ ಯಜಮಾನರ ಮಗಳು, ಈಗ ಕಾರ್ಖಾನೆ ನೋಡಿಕೊಳ್ಳುವವರು, ಹಾಳೆ ಹಿಡಿದು ನೇರ ಪ್ಯಾಕಿಂಗ್ ಕೋಣೆಗೇ ಬಂದರು. "ಅಕ್ಕಾ, ಪ್ರಾರ್ಥನೆಗೆ ಸೇರಿದಾಗ ನೀವು ಓದೋದು ನಾನು ಕೇಳಿದ್ದೀನಿ. ಕೂತವರಿಗೆಲ್ಲ ಅರ್ಥ ಆಗುತ್ತೆ. ಇದನ್ನ ನೀವೇ ಬರೀರಿ" ಅಂದರು. ನಾನು ಬೇಡ ಅಂದೆ, ಅವರು ಬಿಡಲಿಲ್ಲ. ಊಟದ ಬಿಡುವಿನಲ್ಲಿ ಕಣ್ಣು ಮುಚ್ಚಿ, ದೇವರೇ ನನ್ನ ಕೈಯಿಂದ ಸುಳ್ಳು ಬರೆಸಬೇಡ ಅಂತ ಬೇಡಿಕೊಂಡು ಬರೆದೆ. ಏನು ಬರೆದೆ ಗೊತ್ತೇ? "ಈ ಏಣಿ ಅಡ್ಡಿಯಿಲ್ಲ. ದೇವರ ದಯೆಯಿಂದ ಇದುವರೆಗೆ ಯಾರೂ ಬಿದ್ದಿಲ್ಲ."

ಸಣ್ಣಮ್ಮ ಓದಿ ಕುರ್ಚಿಯ ಮೇಲೆ ಕೂತೇಬಿಟ್ಟರು. ನಕ್ಕು ನಕ್ಕು ಕಣ್ಣಲ್ಲಿ ನೀರು. "ಇದುವರೆಗೆ! ಅಯ್ಯೋ ಅಕ್ಕಾ, ಇದನ್ನ ಓದಿದವರು ಏಣಿ ಹತ್ತುತ್ತಾರಾ, ಎದ್ದು ಓಡಿಹೋಗುತ್ತಾರಾ?" ಫೋರ್‌ಮನ್ ನಿಧಾನಪ್ಪನವರು (ಯಾವುದಕ್ಕೂ ಅವಸರ ಮಾಡದ ಮನುಷ್ಯ, ಅದಕ್ಕೇ ಆ ಹೆಸರು) ತಲೆ ಕೆರೆದುಕೊಂಡು, "ಬಿದ್ದರೆ ತಿಳಿಸಿ ಅಂತ ನಮ್ಮ ಫೋನ್ ನಂಬರನ್ನೂ ಹಾಕಿಬಿಡೋಣ" ಅಂದರು. ನನಗೆ ನಾಚಿಕೆಯಾಯಿತು, ಆಮೇಲೆ ನನಗೂ ನಗು ಬಂತು. ನಾನು ಹೊಗಳಿದ್ದೆ ಅಂತಲೇ ತಿಳಿದಿದ್ದೆ ಕಣ್ರೀ! ನಮ್ಮಿಬ್ಬರ ಮನೆಗಳಲ್ಲೂ ಅದಕ್ಕಿಂತ ಮೇಲಿನ ಮಾತು ಯಾರು ಆಡಿದ್ದಾರೆ? ನಮ್ಮದನ್ನು ನಾವೇ ಚೆನ್ನಾಗಿದೆ ಅಂದರೆ ದೃಷ್ಟಿಯಾಗುತ್ತದೆ ಅಂತ ಬೆಳೆದವರು ನಾವು. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಮೊದಲ ಅಡುಗೆ ಉಂಡು ನೀವು ಅಡ್ಡಿಯಿಲ್ಲ ಅಂದಾಗ ನಾನು ಹಿತ್ತಲಿಗೆ ಹೋಗಿ ಅತ್ತಿದ್ದೆ. ನಿಮ್ಮ ತಾಯಿ ಬಂದು, "ಹುಚ್ಚಿ, ಅವನು ಅಷ್ಟು ಹೇಳಿದ್ದೇ ಹೆಚ್ಚು, ಪಾತ್ರೆ ನೋಡು ಹೋಗು" ಅಂದರು. ಹೋಗಿ ನೋಡಿದರೆ ಪಾತ್ರೆ ಬಳಿದು ಉಂಡಿದ್ದಿರಿ. ಅವತ್ತಿನಿಂದ ನನಗೆ ನಿಮ್ಮ ಭಾಷೆ ಬರುತ್ತದೆ. ಗ್ರಂಥಾಲಯದವರಿಗೆ ಪಾತ್ರೆ ತೋರಿಸಲು ಅತ್ತೆಯವರನ್ನು ಎಲ್ಲಿಂದ ತರುವುದು?

ಆಮೇಲೆ ಸಣ್ಣಮ್ಮ ನಿಧಾನವಾಗಿ ಹೇಳಿಕೊಟ್ಟರು. ಅವರು ಓದಿದವರು, ಆದರೆ ಓದಿದ್ದೇನೆ ಅನ್ನುವ ಬಿಂಕವಿಲ್ಲ. "ಅಕ್ಕಾ, ಹೊಗಳೋದೂ ಬೇಡ, ತೆಗಳೋದೂ ಬೇಡ. ಏಣಿ ಏನು ಮಾಡುತ್ತೆ, ಎಲ್ಲಿಯವರೆಗೆ ಮಾಡುತ್ತೆ, ಏನು ಮಾಡಲ್ಲ, ಅಷ್ಟನ್ನ ಹೇಳಿ. ನಾವು ಪರೀಕ್ಷೆ ಮಾಡಿ ನೋಡದೆ ಇರೋ ಒಂದು ಮಾತೂ ಬೇಡ" ಅಂದರು. ಅವತ್ತಿನಿಂದ ಎರಡು ವಾರ ನಮ್ಮ ಮೂವರಿಗೂ ಅದೇ ಆಟ. ನಾನು ಒಂದು ಮಾತು ಬರೆಯುವುದು, ಸಣ್ಣಮ್ಮ "ಅಂದರೆ?" ಅನ್ನುವುದು, ನಿಧಾನಪ್ಪನವರು ಏಣಿ ತರುವುದು.

"ಜಾರುವುದಿಲ್ಲ" ಅಂತ ಬರೆದೆ. ನಿಧಾನಪ್ಪನವರು ನೆಲಕ್ಕೆ ಸೋಪಿನ ನೀರು ಸುರಿದು ಏಣಿಯನ್ನು ಗೋಡೆಗೆ ಒರಗಿಸಿ ಮೊದಲ ಮೆಟ್ಟಿಲ ಮೇಲೆ ನಿಂತರು. ಏಣಿ ಅವರಷ್ಟೇ ನಿಧಾನವಾಗಿ ಜಾರಿತು. ಕೊನೆಗೆ ಅವರು ನೊರೆಯಲ್ಲಿ ಕೂತುಕೊಂಡೇ, "ಬರ್ಕೊಳ್ಳಮ್ಮ, ಒದ್ದೆ ನೆಲದ ಮೇಲೆ ಇಡಬಾರದು" ಅಂದರು. "ಹಗುರ" ಅಂತ ಬರೆದೆ. ಯಾರಿಗೆ ಹಗುರ? ಅವರು ಒಂದೇ ಕೈಯಲ್ಲಿ ಎತ್ತಿದರು, ನನ್ನಿಂದ ಆಗಲಿಲ್ಲ. "ಒಬ್ಬರು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಬಹುದು" ಅಂತ ತಿದ್ದಿದೆ. "ಗಟ್ಟಿ" ಅನ್ನುವುದನ್ನು ಮರಳಿನ ಚೀಲ ಹೇರಿ ನೋಡಿ, "ನೂರಿಪ್ಪತ್ತು ಕಿಲೋವರೆಗೆ, ಒಂದು ಸಲಕ್ಕೆ ಒಬ್ಬರೇ" ಅಂತ ಮಾಡಿದೆವು. "ಎಂದೆಂದಿಗೂ" ಅನ್ನುವುದನ್ನು ಮಾತ್ರ ಯಾರನ್ನೂ ಕೇಳದೆ ನಾನೇ ಹೊಡೆದುಹಾಕಿದೆ. ಅದು ಮೇಲಿರುವವನೊಬ್ಬನಿಗೆ ಸಲ್ಲುವ ಮಾತು, ಏಣಿಗೆ ಅಲ್ಲ. "ಕೆಳಗಿನ ರಬ್ಬರು ಸವೆದರೆ ಹೊಸದು ಹಾಕಿಸಿ, ಅಲ್ಲಿಯವರೆಗೆ ಹತ್ತಬೇಡಿ" ಅಂತ ಆ ಜಾಗದಲ್ಲಿ ಬರೆದೆ. ಬರೆದು ಮುಗಿಸಿದಾಗ ಮನಸ್ಸಿಗೆ ಹಾಯ್ ಅನಿಸಿತು, ತಪ್ಪು ಒಪ್ಪು ಎರಡೂ ಹೇಳಿದ ಮೇಲೆ ಏಣಿಯ ಮೇಲೆ ನನಗೇ ನಂಬಿಕೆ ಹೆಚ್ಚಾಯಿತು.

ಉಳಿದದ್ದು ಒಂದೇ, "ನುಣುಪಾದ ಅಂಚು." ನುಣುಪು ಅಂದರೆ? ಇದಕ್ಕೆ ಮೂವರೂ ಒದ್ದಾಡಿದೆವು. ಕೊನೆಗೆ ಸಣ್ಣಮ್ಮ ಔಷಧಿ ಪೆಟ್ಟಿಗೆಯಿಂದ ಒಂದು ಹಿಡಿ ಹತ್ತಿ ತಂದು ಮೆಟ್ಟಿಲುಗಳ ಅಂಚಿನ ಮೇಲೆಲ್ಲ ಮೆಲ್ಲಗೆ ಎಳೆದರು. ಎಲ್ಲಿ ಸಣ್ಣ ಮುಳ್ಳಿದ್ದರೂ ಅಲ್ಲಿ ಎಳೆ ಸಿಕ್ಕಿ ನಿಲ್ಲುತ್ತದೆ. ಒಂದು ಎಳೆಯೂ ನಿಲ್ಲಲಿಲ್ಲ. "ಅಂಚಿನ ಮೇಲೆ ಹತ್ತಿ ಎಳೆದರೆ ಎಳೆ ಸಿಕ್ಕಿಕೊಳ್ಳುವುದಿಲ್ಲ" ಅಂತ ಬರೆದೆ. ಬರೆಯುತ್ತಾ ಬರೆಯುತ್ತಾ ಕಿಟಕಿಯ ಹತ್ತಿರ ನಿಂತ ನೀವು ಕಣ್ಣ ಮುಂದೆ ಬಂದಿರಿ, ನಿಮ್ಮ ಹೆಬ್ಬೆರಳು ಬಂತು. ಪೆನ್ನು ಕೈಯಲ್ಲೇ ನಿಂತುಬಿಟ್ಟಿತು.

ಹಾಳೆ ಹೋಯಿತು. ಮೊನ್ನೆ ಗುರುವಾರ ಗ್ರಂಥಾಲಯದವರಿಂದ ಉತ್ತರ ಬಂತು, ಏಣಿಗಳೆಲ್ಲ ಬೇಕಂತೆ. ಈ ಸಲ ಪೆನ್ಸಿಲಿನ ಗೆರೆ ಒಂದೂ ಇರಲಿಲ್ಲ. ಕೆಳಗೆ ಆ ಮೇಲ್ವಿಚಾರಕಿ "ನಾನೇ ಹತ್ತಿ ಎಳೆದು ನೋಡಿದೆ" ಅಂತ ಮಾತ್ರ ಬರೆದಿದ್ದರು. ಸಣ್ಣಮ್ಮ ಅದನ್ನು ಪ್ಯಾಕಿಂಗ್ ಕೋಣೆಯ ಗೋಡೆಗೆ ಅಂಟಿಸಿದ್ದಾರೆ. ಇನ್ನು ಮುಂದೆ ಹೊಸ ಮಾದರಿ ಬಂದಾಗಲೆಲ್ಲ ಹಾಳೆ ಬರೆಯುವುದು ನನ್ನ ಕೆಲಸವಂತೆ. ಮೇಜು ಕಿಟಕಿಯ ಪಕ್ಕ, ಕೂತು ಮಾಡುವ ಕೆಲಸ. ನನ್ನ ಮಂಡಿಯ ಕಷ್ಟ ನಾನು ಯಾರಿಗೂ ಹೇಳಿರಲಿಲ್ಲ, ಕೇಳುವವನು ಕೇಳಿಸಿಕೊಂಡಿದ್ದ. ನಿಧಾನಪ್ಪನವರು ಈಗ ನನ್ನನ್ನು ಕಂಡ ಕೂಡಲೇ "ನಮಸ್ಕಾರ ಅಂದರೆ?" ಅಂತ ಛೇಡಿಸುತ್ತಾರೆ.

ನಿಮ್ಮ ತೋಳಿಲ್ಲದ ಉಣ್ಣೆ ಅಂಗಿಯ ತೂತು ಹೊಲಿದು ಕ್ರೇನಿನವರ ಕೈಯಲ್ಲಿ ಕಳಿಸಿದ್ದೇನೆ, ಹಾಕಿಕೊಳ್ಳಿ. ನಿಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಎತ್ತರದಲ್ಲಿ ನಿಂತ ನಿಮ್ಮ ಕಾಲಿಗೂ ಉರಿ ಹಿಡಿಯುವ ನಿಮ್ಮ ಕೈಗೂ ದೇವರ ಕಾವಲಿರಲಿ ಅಂತ ದಿನಾ ಬೆಳಿಗ್ಗೆ ಕೇಳಿಕೊಳ್ಳುತ್ತೇನೆ. ಅವನು ಇದುವರೆಗೆ ಇಲ್ಲ ಅಂದಿಲ್ಲ.

ಇಂತಿ,
ನಿಮ್ಮ ಭಾಷೆ ಬಲ್ಲ
ನಿಮ್ಮ ಮನೆಯವಳು

ತಾ.ಕ. ಕ್ರೇನಿನವರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ನಿನ್ನೆ ಪಾಪು ಹೊರಗೆ ಹೋದಾಗ ನಾನು ಹತ್ತಿ ತೆಗೆದುಕೊಂಡು ಸ್ಟೂಲಿನ ಜೋಡಣೆಗಳ ಮೇಲೆಲ್ಲ ಎಳೆದೆ. ಎಳೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಕೂರುವ ಹಲಗೆಯ ಅಡಿಯಲ್ಲಿ ಒಂದು ಮೂಲೆಯಲ್ಲಿ ಮಾತ್ರ ಒಂದೆಳೆ ನಿಂತಿತು. ನಿಮ್ಮ ಹೆಬ್ಬೆರಳೂ ಅಲ್ಲೇ ಎರಡು ಸಲ ನಿಂತಿತ್ತು, ನಾನು ಅಡುಗೆಮನೆಯಿಂದ ನೋಡಿದ್ದೆ. ನಮ್ಮ ಉಬ್ಬುತಗ್ಗಿನ ನೆಲದಲ್ಲೂ ಅದು ಅಲ್ಲಾಡುವುದಿಲ್ಲ. ಇದನ್ನೆಲ್ಲ ನಾನು ಹೇಳಿದರೆ "ನೀನು ಅಮ್ಮ, ಹೇಳಲೇಬೇಕು" ಅಂತಾಳೆ. ವೆಲ್ಡಿಂಗ್ ಬಲ್ಲವರು ಹೇಳಬೇಕು. ಅವಳಿಗೆ ನಿಮ್ಮ ಭಾಷೆ ಇನ್ನೂ ಬರುವುದಿಲ್ಲ ಕಣ್ರೀ, "ಅಡ್ಡಿಯಿಲ್ಲ" ಅಂದರೆ "ಸಾಲದು" ಅಂತ ಅರ್ಥ ಅಂದುಕೊಂಡಿದ್ದಾಳೆ. ಇದು ಕೈಗೆ ಸಿಕ್ಕ ರಾತ್ರಿಯೇ ಕೂತು ಅವಳ ಹೆಸರಿಗೆ ಒಂದು ಕಾಗದ ಬರೆಯಿರಿ. ಯಾವ ಜೋಡಣೆ ಹೇಗಿದೆ, ನಿಮ್ಮ ಮೊದಲ ವರ್ಷದಲ್ಲಿ ನಿಮಗೆ ಅದು ಬರುತ್ತಿತ್ತೋ ಇಲ್ಲವೋ, ಅಷ್ಟು ಬರೆಯಿರಿ. ಆ ಮೂಲೆಯ ತಪ್ಪನ್ನೂ ಬಿಡದೆ ಬರೆಯಿರಿ, ಆಗ ಉಳಿದದ್ದನ್ನು ನಂಬುತ್ತಾಳೆ. ಶುಕ್ರವಾರ ನಿಮ್ಮ ಕಂಪನಿಯ ಲಾರಿ ಈ ಕಡೆ ಬರುತ್ತದಲ್ಲ, ಅದರಲ್ಲಿ ಕಳಿಸಿದರೆ ಸೋಮವಾರದ ಮುಂಚೆ ಅವಳ ಕೈಗೆ ಸಿಗುತ್ತದೆ. ಮತ್ತೆ ಅಡ್ಡಿಯಿಲ್ಲ ಅಂತ ಒಂದೇ ಮಾತು ಗೀಚಿ ಕಳಿಸಿದಿರೋ, ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಅಂದರೆ?" ಅಂತ ಬರೆದು ಅದೇ ಲಾರಿಯಲ್ಲಿ ವಾಪಸು ಕಳಿಸುತ್ತೇನೆ.